ಉದಗೀರಿಗೆ ಹೋಗುವ ಸುರಂಗ

ನನ್ನನ್ನು ನೋಡಲು ಬಂದ ಮೊದಲ ಗಂಡಿನ ಕಡೆಯವರು ನನ್ನನ್ನು ನೋಡದೆಯೇ ಹೋದರು. ಗವಿ ನೋಡಿದರು, ಹೊಟ್ಟೆ ತುಂಬ ಉಂಡರು, ನಿಲಂಗಾದ ಬಸ್ಸು ತಪ್ಪುತ್ತದೆಂದು ಚಪ್ಪಲಿ ಕೈಯಲ್ಲಿ ಹಿಡಿದು ಓಡಿದರು. ನಾನು ಒಳಗಿನ ಕೋಣೆಯಲ್ಲಿ ಅವ್ವನ ಇಳಕಲ್ ಸೀರೆ ಉಟ್ಟು, ತಲೆ ತಗ್ಗಿಸುವುದನ್ನು ಅಭ್ಯಾಸ ಮಾಡುತ್ತ ಕೂತಿದ್ದೆ. ಕತ್ತು ನೋವು ಬಂದದ್ದಷ್ಟೇ ಲಾಭ.

ತಪ್ಪು ನನ್ನದಲ್ಲ, ಬಂದವರದೂ ಅಲ್ಲ. ತಪ್ಪು ಪೂರ್ತಿ ನಮ್ಮಪ್ಪನದು.

ನಮ್ಮ ಹಳ್ಳಿ ಕಾಸಾರಶಿರಸಿಯ ಸಂತೆಗೆ ನಡೆದು ಹೋಗಿ ಬರುವಷ್ಟು ದೂರದಲ್ಲಿತ್ತು. ನಮ್ಮ ಹೊಲದ ಅಂಚಿಗೆ ಒಂದು ಕೆಂಪು ಕಲ್ಲಿನ ದಿಬ್ಬ. ಆ ದಿಬ್ಬದ ಹೊಟ್ಟೆಯಲ್ಲಿ ಯಾರೋ ಯಾವ ಕಾಲದಲ್ಲೋ ಕೊರೆದಿಟ್ಟು ಹೋದ ಗವಿ. ಮುಂದೆ ಕಂಬಗಳ ಪಡಸಾಲೆ, ಅಲ್ಲಿಂದ ಎಡಕ್ಕೆ ಹೊರಳಿದರೆ ಒಂದು ಕತ್ತಲ ಕೋಣೆ. ಕೋಣೆಯ ಗೋಡೆಗೆ ಸಾಲಾಗಿ ಮೂರ್ತಿಗಳು, ಮೂಲೆಯಲ್ಲಿ ನೆಲಕ್ಕೆ ಹತ್ತಿದಂತೆ ಒಬ್ಬ ಮನುಷ್ಯ ತೆವಳಿ ಹೋಗಬಹುದಾದ ಕಿಂಡಿ. ನಮ್ಮ ಅಜ್ಜನ ಕಾಲದಿಂದ ಅಲ್ಲಿ ಜೋಳದ ಕಣಕಿ, ಸಗಣಿಯ ಕುಳ್ಳು, ಮುರಿದ ಕುಂಟೆ ಇಡುತ್ತಿದ್ದರು. ಮಳೆ ಬಂದರೆ ಎಮ್ಮೆಗಳೂ ಇರುತ್ತಿದ್ದವು. ಅದಕ್ಕೆ ಚರಿತ್ರೆ ಇದೆ ಎಂದು ಯಾರಿಗೂ ಅನಿಸಿರಲಿಲ್ಲ.

ಅನಿಸಿದ್ದು ಪೊಲೀಸ್ ಆಕ್ಷನ್ ಆಗಿ ನಿಜಾಮನ ಆಳ್ವಿಕೆ ಹೋದ ಮೇಲೆ. ಹೊಸ ಸರಕಾರದ ಒಬ್ಬ ಸಾಹೇಬರು ಜಮೀನು ನೋಡಲು ಬಂದವರು ಬಿಸಿಲು ತಾಳದೆ ನಮ್ಮ ಗವಿಯೊಳಗೆ ನಿಂತರು. ಅಪ್ಪ ಕೊಟ್ಟ ಹುರಿದ ಶೇಂಗಾ ತಿಂದರು, ಮಜ್ಜಿಗೆ ಕುಡಿದರು. ಇಷ್ಟು ಉಂಡ ಮೇಲೆ ಏನಾದರೂ ಒಳ್ಳೆಯ ಮಾತು ಆಡಬೇಕಲ್ಲ, ಮೇಲೆ ನೋಡಿ, "ಲೇಣೀ ಛಾನ್ ಆಹೇ. ಲೋಕಾಂನಾ ದಾಖವಾ," ಎಂದರು. ಗವಿ ಚೆನ್ನಾಗಿದೆ, ಜನರಿಗೆ ತೋರಿಸಿರಿ ಎಂದು. ಅದು ಮಜ್ಜಿಗೆಯ ಉಪಕಾರಕ್ಕೆ ಆಡಿದ ಮಾತು ಎಂದು ಎಮ್ಮೆಗೂ ತಿಳಿಯುತ್ತಿತ್ತು. ಅಪ್ಪ ಅದನ್ನು ಸರಕಾರದ ಹುಕುಂ ಎಂದು ತಿಳಿದ.

ಮರುದಿನವೇ ಎಮ್ಮೆಗಳು ಹೊರಗೆ ಬಂದವು. ಕುಳ್ಳು ನಮ್ಮ ಮನೆಯ ಪಡಸಾಲೆಗೆ ಬಂದವು. ಅವ್ವ ಆವತ್ತಿನಿಂದ ಅಪ್ಪನ ಜೊತೆ ಅರ್ಧ ಮಾತು ಬಿಟ್ಟಳು.

ಅಪ್ಪ ಒಂದು ಹಲಗೆ ಬರೆಸಿದ. ಆಗ ನಮ್ಮ ಸೀಮೆ ಯಾವ ರಾಜ್ಯಕ್ಕೆ ಹೋಗುತ್ತದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಹಲಗೆಯಲ್ಲಿ ಮರಾಠಿ, ಕನ್ನಡ, ಉರ್ದು ಮೂರೂ ಇದ್ದವು. ಸಂತೆಯಲ್ಲಿ ಸುದ್ದಿ ಬದಲಾದಂತೆ ಅಪ್ಪ ಸುಣ್ಣ ಬಳಿದು ಮೇಲಿನ ಸಾಲು ಕೆಳಗೆ, ಕೆಳಗಿನದು ಮೇಲೆ ಮಾಡಿಸುತ್ತಿದ್ದ. ಕೊನೆಗೆ ಸುಣ್ಣವೇ ದಪ್ಪವಾಗಿ ಮೂರೂ ಕಾಣದಂತಾಯಿತು. ಇಷ್ಟು ಸಾಲದೆಂದು ಎಲ್ಲಿಯೋ ದೂರದಲ್ಲಿರುವ ಯೆಣೆಗೂರದ ಹೆದ್ದಾರಿಯಲ್ಲಿ ಬಾಣದ ಗುರುತಿನ ಇನ್ನೊಂದು ಹಲಗೆ ನೆಡಿಸಿದ. ಆ ಬಾಣ ನಂಬಿ ನಡೆದವರು ನಮ್ಮ ಊರು ಮುಟ್ಟಿದ್ದನ್ನು ನಾನು ನೋಡಿಲ್ಲ. ಯಾರದೋ ಬಾವಿಯ ಹತ್ತಿರ ಹೋಗಿ ನೀರು ಕುಡಿದು ವಾಪಸು ಹೋಗುತ್ತಿದ್ದರಂತೆ.

ಆದರೂ ಜನ ಬಂದರು. ಶಾಲೆಯ ಮಾಸ್ತರರು, ಕಚೇರಿಯವರು, ಸಂತೆಗೆ ಬಂದ ವ್ಯಾಪಾರಿಗಳು, ಅವರ ಬೀಗರು. ಅಪ್ಪ ಶುಭ್ರ ಧೋತರ ಉಟ್ಟು, ತಲೆಗೆ ಪಟಕಾ ಸುತ್ತಿ, ಕೈಯಲ್ಲಿ ಎತ್ತು ಹೊಡೆಯುವ ಬಾರುಕೋಲು ಹಿಡಿದು ಮುಂದೆ ನಿಲ್ಲುತ್ತಿದ್ದ. ನಮ್ಮ ಮೂರ್ತಿಗಳು ಸವೆದು ಸವೆದು ಮುಖ, ಕೈ ಏನೂ ಉಳಿದಿರಲಿಲ್ಲ. ಇದರಿಂದ ಅಪ್ಪನಿಗೆ ಬಹಳ ಅನುಕೂಲವಾಗಿತ್ತು. ಬಂದವರು ಪಂಢರಪುರಕ್ಕೆ ನಡೆದು ಹೋಗುವವರಾದರೆ ನಡುವಿನ ಮೂರ್ತಿ ವಿಠ್ಠಲ. ಜೈನ ಸಾವುಕಾರರು ಬಂದರೆ ತೀರ್ಥಂಕರ. ನಮ್ಮ ಪೈಕಿಯ ಲಿಂಗವಂತರು ಬಂದರೆ ತಪಸ್ಸಿಗೆ ಕೂತ ಶಿವ. ಶಾಲೆ ಮಕ್ಕಳಿಗೆ ಮಾತ್ರ ಭೀಮ. ಮಕ್ಕಳು ಬೇರೆ ಯಾರನ್ನೂ ಒಪ್ಪುತ್ತಿರಲಿಲ್ಲ.

ಮೂರ್ತಿಗಳಾದ ಮೇಲೆ ಸುರಂಗ. ಮೂಲೆಯ ಆ ಕಿಂಡಿಗೆ ಅಪ್ಪ ಬಾರುಕೋಲು ತೋರಿಸಿ, ಉಸಿರು ತಗ್ಗಿಸಿ, ಅದು ಯಾವ ಕೋಟೆಗೆ ಹೋಗುತ್ತದೆ ಎಂದು ಹೇಳುತ್ತಿದ್ದ. ಬೀದರದ ಗುಮಾಸ್ತರು ಬಂದರೆ ಬೀದರ ಕೋಟೆಗೆ. ಉಮರಗಾದ ವಕೀಲರು ಬಂದರೆ ನಳದುರ್ಗದ ಕೋಟೆಗೆ. ಬಂದವರ ಊರು ಕೇಳದೆ ಅಪ್ಪ ಸುರಂಗದ ಮಾತು ತೆಗೆಯುತ್ತಿರಲಿಲ್ಲ. ತಮ್ಮ ಊರಿಗೇ ದಾರಿ ಇದೆ ಎಂದು ಕೇಳಿ ಎಲ್ಲರಿಗೂ ಸಂತೋಷವಾಗುತ್ತಿತ್ತು.

ಆ ಸುರಂಗ ಎಲ್ಲಿಯವರೆಗೆ ಹೋಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಪೊಲೀಸ್ ಆಕ್ಷನ್‌ಗೆ ಮುಂಚಿನ ಗದ್ದಲದ ವರ್ಷ ಬಂದೂಕಿನವರು ಬಂದರು ಎಂದು ಸುದ್ದಿಯಾದಾಗಲೆಲ್ಲ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಓಣಿಯ ಹೆಂಗಸರನ್ನೆಲ್ಲ ಗವಿಯ ಒಳಕೋಣೆಗೆ ಹೊಗಿಸುತ್ತಿದ್ದಳು. ಸಣ್ಣವಳಾದ ನನ್ನನ್ನು ತಲೆ ಮುಂದೆ ಮಾಡಿ ಆ ಕಿಂಡಿಯೊಳಗೆ ನೂಕುತ್ತಿದ್ದಳು. ನನ್ನ ಹಣೆ ಕಲ್ಲಿಗೆ ತಾಗುತ್ತಿತ್ತು. ಕಾಲಿನ ಹಿಂದೆ ಒಂದು ನೀರಿನ ಕೊಡ ಇಡುವಷ್ಟು ಜಾಗ ಉಳಿಯುತ್ತಿತ್ತು. ಸುರಂಗ ಅಷ್ಟೇ. ಆ ಕಲ್ಲಿಗೆ ಹಣೆ ಹಚ್ಚಿ, ಹೊರಗೆ ಆಯಿ ಹೆಂಗಸರಿಗೆ ಸುಮ್ಮನಿರಿ, ಸುಮ್ಮನಿರಿ ಎನ್ನುವುದನ್ನು ಕೇಳುತ್ತ ನಾನು ಬಹಳ ಅಂಜಿದ್ದೇನೆ. ಅಪ್ಪನಿಗೂ ಇದು ಗೊತ್ತಿತ್ತು. ನನ್ನ ಕಾಲು ಹಿಡಿದು ಹೊರಗೆ ಎಳೆಯುತ್ತಿದ್ದವನೇ ಅವನು. ಆದರೆ ಆಯಿಯ ಈ ಚರಿತ್ರೆ ಕೇಳಲು ಯಾರೂ ಬಸ್ಸು ಹತ್ತಿ ಬರುತ್ತಿರಲಿಲ್ಲ. ಕೋಟೆಯ ಚರಿತ್ರೆಗೆ ಬರುತ್ತಿದ್ದರು.

ಇನ್ನು ಬೆಳಕಿನ ಮಾತು. ಮೊದಲು ಅಪ್ಪ ಕಂದೀಲು ಹಿಡಿದು ತೋರಿಸುತ್ತಿದ್ದ. ಬಂದವರ ಅಂಗಿಗೆ ಕಾಡಿಗೆ, ಮೂಗಿಗೆ ಹೊಗೆ. ದೊಡ್ಡ ಲೇಣಿಗಳಲ್ಲಿ ಕನ್ನಡಿ ಹಿಡಿದು ಬಿಸಿಲನ್ನೇ ಒಳಗೆ ಕಳಿಸುತ್ತಾರೆ ಎಂದು ಒಬ್ಬ ಮಾಸ್ತರರು ಹೇಳಿದರು. ನಮ್ಮ ಮನೆಯಲ್ಲಿದ್ದ ಕನ್ನಡಿ ಅಂಗೈ ಅಗಲದ್ದು, ಅದರಲ್ಲಿ ನನ್ನ ಮುಖವೇ ಪೂರ್ತಿ ಹಿಡಿಸುತ್ತಿರಲಿಲ್ಲ. ಆದರೆ ರೊಟ್ಟಿಯ ಹಿಟ್ಟು ನಾದುವ ಹಿತ್ತಾಳೆಯ ದೊಡ್ಡ ಪರಾತ ಎರಡಿದ್ದವು. ಒಂದು ಆಯಿಯದು, ಒಂದು ಅವ್ವ ತವರಿನಿಂದ ತಂದದ್ದು. ಅಪ್ಪ ಎರಡನ್ನೂ ಹುಣಸೆಹಣ್ಣು ಹಾಕಿ ತಿಕ್ಕಿಸಿದ. ಗವಿಯ ಬಾಯಿ ಮೂಡಣಕ್ಕೆ ಇತ್ತಲ್ಲ, ಮುಂಜಾನೆಯ ಬಿಸಿಲಿಗೆ ಹೊರಗೆ ಒಂದು ಪರಾತ ಹಿಡಿದು ನಮ್ಮ ಹೊಲ ಉಳುವ ಆಳು ನಿಲ್ಲುತ್ತಿದ್ದ. ಅವನು ಕಳಿಸಿದ ಬೆಳಕನ್ನು ಪಡಸಾಲೆಯ ತಿರುವಿನಲ್ಲಿ ನಾನು ಇನ್ನೊಂದು ಪರಾತದಲ್ಲಿ ಹಿಡಿದು ಒಳಕೋಣೆಗೆ ತಿರುಗಿಸುತ್ತಿದ್ದೆ. ಅಪ್ಪ "ಶಿವ" ಅಂದರೆ ನಡುವಿಗೆ, "ದ್ವಾರಪಾಲಕ" ಅಂದರೆ ಬದಿಗೆ, "ಸುರಂಗ" ಅಂದರೆ ಮೂಲೆಗೆ. ನಡುವೆ ಎತ್ತು ಜೋಳದೊಳಗೆ ನುಗ್ಗಿದರೆ ಆಳು ಪರಾತ ಬಿಟ್ಟು ಓಡುತ್ತಿದ್ದ, ದೇವರು ದ್ವಾರಪಾಲಕರು ಎಲ್ಲರೂ ಕತ್ತಲೆಗೆ ಬೀಳುತ್ತಿದ್ದರು. ಅಪ್ಪ ಕತ್ತಲೆಯಲ್ಲೇ ಮಾತು ಮುಂದುವರಿಸುತ್ತಿದ್ದ.

ಅವ್ವನ ಸಂಕಟ ಬೇರೆ. ಬಂದವರನ್ನು ಉಣ್ಣಿಸದೆ ಕಳಿಸುವ ಮನೆ ನಮ್ಮದಲ್ಲ. ಪರಾತ ಗವಿಯಲ್ಲಿದ್ದರೆ ಮನೆಯಲ್ಲಿ ರೊಟ್ಟಿ ಇಲ್ಲ, ಪರಾತ ಮನೆಗೆ ಬಂದರೆ ಗವಿಯಲ್ಲಿ ಬೆಳಕಿಲ್ಲ.

"ದೇವರಿಗೆ ಬೆಳಕು ಬೇಕಿದ್ರ ಅವರೇ ಮಾಡ್ಕೊಂತಾರ. ನನ್ನ ತವರಿನ ಪರಾತ ಯಾಕ ಬೇಕ್ರೀ?" ಎಂದು ಅವ್ವ ಬಾಗಿಲಲ್ಲಿ ನಿಂತು ಕೂಗುತ್ತಿದ್ದಳು.

"ಸರಕಾರದ್ದು ಹುಕುಂ ಅದ," ಎನ್ನುತ್ತಿದ್ದ ಅಪ್ಪ.

ಅಪ್ಪನಿಗೆ ಒಂದು ಪಕ್ಕಾ ನಂಬಿಕೆ ಇತ್ತು. ಗವಿ ಇದ್ದ ಮನೆ ಅಂದರೆ ಚರಿತ್ರೆ ಇದ್ದ ಮನೆತನ. ಆದ್ದರಿಂದ ಹೆಣ್ಣು ನೋಡಲು ಬಂದವರು ಮೊದಲು ಗವಿ ನೋಡಬೇಕು. ಮೊದಲ ಸಲ ಏನಾಯಿತು ಎಂದು ಹೇಳಿದೆನಲ್ಲ. ಆವತ್ತು ನಾನು ಸೀರೆ ಉಟ್ಟು ಕೂತಿದ್ದರಿಂದ ತಿರುವಿನಲ್ಲಿ ಪರಾತ ಹಿಡಿದವಳು ಆಯಿ. ಅವಳ ಕೈ ನಡುಗಿ ಬೆಳಕೂ ನಡುಗಿತು. ಅಪ್ಪ ಬಂದವರಿಗೆ, ಇಲ್ಲಿ ಮೂರ್ತಿಗಳು ಕುಣಿಯುತ್ತವೆ ಎಂದು ಹೇಳಿದ. ಅದನ್ನೇ ಮತ್ತೆ ಮತ್ತೆ ನೋಡುತ್ತ ನಿಂತು ಹೊತ್ತು ಕಳೆಯಿತು.

ಎರಡನೆಯ ಸಲ ಪರಾತ ನಾನೇ ಹಿಡಿದೆ. ಅಪ್ಪನ ಮಾತು ಮುಗಿದದ್ದೇ ಹಿಂದಿನ ಹೊಲದಿಂದ ಓಡಿ, ಬಂದವರಿಗಿಂತ ಮೊದಲು ಮನೆ ಸೇರಿ, ಸೀರೆ ಸುತ್ತಿ ಎದುರಿಗೆ ಬಂದು ಕೂತೆ. ತಲೆಯಲ್ಲಿ ಬಾವಲಿಯ ಹಿಕ್ಕೆ, ಬಾಯಲ್ಲಿ ಏದುಸಿರು. ಹೆಸರು ಕೇಳಿದರೂ ಹೇಳಲು ಉಸಿರಿಲ್ಲ. ಹುಡುಗಿಗೆ ದಮ್ಮಿನ ಕಾಯಿಲೆ ಇದೆ ಎಂದು ಅವರು ನಿಲಂಗಾದಲ್ಲಿ ಹೇಳಿದರು, ನಿಲಂಗಾ ಉಳಿದ ಊರುಗಳಿಗೆ ಹೇಳಿತು.

ಇದಾದ ಮೇಲೆ ಯಾರೂ ಬರಲಿಲ್ಲ. ಬಂದದ್ದು ಒಂದೇ ಮಾತು, ಗುಂಜೋಟಿಯಿಂದ. ಅಲ್ಲಿ ಹೆಂಡತಿ ತೀರಿಕೊಂಡ ಒಬ್ಬರಿದ್ದರು. ಹೊಲ ಮನೆ ಚೆನ್ನಾಗಿತ್ತು, ನನಗಿಂತ ಸ್ವಲ್ಪವೇ ಚಿಕ್ಕವಳಾದ ಮಗಳಿದ್ದಳು. ನೋಡುವುದು ಬೇಡ, ಕೇಳುವುದು ಬೇಡ, ಕೊಡುವುದಾದರೆ ಕೊಡಿ ಎಂದು ಹೇಳಿ ಕಳಿಸಿದ್ದರು. ದಮ್ಮು ಇದ್ದರೂ ನಡೆಯುತ್ತದೆ ಎಂದಿದ್ದರು. ಅಷ್ಟು ದೊಡ್ಡ ಮನಸ್ಸು ನೋಡಿ ಅವ್ವ ಅಡುಗೆಮನೆಯಲ್ಲಿ ಅತ್ತಳು. ನನ್ನನ್ನು ನೋಡಿ ಬೇಡ ಅಂದವರ ಮೇಲೆ ನನಗೆ ಸಿಟ್ಟು ಬಂದಿತ್ತು. ನೋಡುವುದೇ ಬೇಡ ಅಂದವರ ಹೆಸರು ಕೇಳಿದರೆ ಅಂಜಿಕೆ ಬರುತ್ತಿತ್ತು.

ಅಷ್ಟರಲ್ಲಿ ಉದಗೀರಿನ ಮಾತು ಬಂತು. ಕಿರಾಣಿ ಅಂಗಡಿಯ ಮನೆತನ, ನಮ್ಮ ಪೈಕಿಯೇ. ಹುಡುಗ ಅಂಗಡಿಯಲ್ಲಿ ಕೂರುತ್ತಾನೆ, ಮಾತು ಕಡಿಮೆ. ಇದೂ ತಪ್ಪಿದರೆ ಗುಂಜೋಟಿಯೇ ಗಟ್ಟಿ ಎಂದು ಮನೆಯಲ್ಲಿ ಎಲ್ಲರಿಗೂ ತಿಳಿದಿತ್ತು. ಅವ್ವ ಹಿಂದಿನ ದಿನವೇ ಅಪ್ಪನಿಂದ ಲಿಂಗದ ಮೇಲೆ ಆಣೆ ಮಾಡಿಸಲು ನೋಡಿದಳು.

"ಮೊದಲು ಹುಡಿಗಿ, ಆಮ್ಯಾಲ ಗವಿ. ಹೂಂ ಅನ್ರೀ."

"ಹೂಂ," ಅಂದ ಅಪ್ಪ. ಆಣೆ ಮಾತ್ರ ಮಾಡಲಿಲ್ಲ.

ಉದಗೀರಿನವರು ಬಂದದ್ದು ಬಿಸಿಲು ಏರಿದ ಮೇಲೆ. ಹುಡುಗ, ಅವನ ತಂದೆ, ಸೋದರಮಾವ. ಅಪ್ಪ ಒಮ್ಮೆ ಅವರ ಮುಖ ನೋಡಿದ, ಒಮ್ಮೆ ಸೂರ್ಯನನ್ನು ನೋಡಿದ. ಇನ್ನು ಸ್ವಲ್ಪ ಹೊತ್ತಾದರೆ ಬಿಸಿಲು ನೆತ್ತಿಗೆ ಬಂದು ಗವಿಗೆ ಬೆಳಕಿರುವುದಿಲ್ಲ. ಹುಡುಗಿ ಎಲ್ಲಿಗೆ ಹೋಗುತ್ತಾಳೆ, ಮನೆಯಲ್ಲೇ ಇರುತ್ತಾಳೆ. ಅಪ್ಪ ಕಾಲು ತೊಳೆಯಲು ನೀರು ಕೊಟ್ಟವನೇ, "ನಡೀರಿ ಬೀಗರ, ಬಿಸಲ ಹೋಗ್ತದ," ಎಂದು ಅವರನ್ನು ದಿಬ್ಬದ ದಾರಿಗೆ ಹಚ್ಚಿದ. ಅವರು ಇನ್ನೂ ಬೀಗರಾಗಿರಲಿಲ್ಲ.

ಹಿತ್ತಲ ಬಾಗಿಲಲ್ಲಿ ಆಳು ಬಂದು ಪರಾತ ಕೇಳಿದ, ತಿರುವಿನಲ್ಲಿ ಹಿಡಿಯಲು ನನ್ನನ್ನೂ ಕರೆದ. ಅವ್ವನಿಗೆ ಹಿಟ್ಟು ಹತ್ತಿದ ಕೈಯಲ್ಲೇ ಹಣೆ ಬಡಿದುಕೊಳ್ಳುವಂತಾಯಿತು.

"ಹುಡಿಗಿ ಮಾರಿ ಗವ್ಯಾಗೇ ನೋಡಿಬಿಟ್ರ ಮನ್ಯಾಗ ಏನ್ ತೋರಸ್ಬೇಕು?"

"ಪರಾತ ಮಾರಿ ಮುಂದ ಹಿಡೀಲಿ," ಅಂದಳು ಆಯಿ. "ಯಾರಿಗೂ ಕಾಣಂಗಿಲ್ಲ. ನನ್ನ ಕೈಯಾಗ ಕೊಟ್ರ ಮತ್ತ ದೇವರು ಕುಣೀತಾವ."

ಹೀಗೆ ನನ್ನನ್ನು ನೋಡಲು ಬಂದವರ ಎದುರು ನಾನು ಹಳೇ ಸೀರೆಯಲ್ಲಿ, ಎದೆಯಿಂದ ತಲೆಯವರೆಗೆ ಹಿತ್ತಾಳೆ ಹಿಡಿದು ನಿಂತೆ. ಅವರಿಗೆ ಕಂಡದ್ದು ಉರಿಯುವ ಒಂದು ಪರಾತ, ಅದರ ಕೆಳಗೆ ಎರಡು ಕಾಲು. ಯಾರೋ ಕೂಲಿ ಹೆಂಗಸು ಎಂದು ತಿಳಿದರು. ನನಗೆ ಮಾತ್ರ ಪರಾತದ ಅಂಚಿನಿಂದ ಎಲ್ಲ ಕಾಣುತ್ತಿತ್ತು. ಹೆಣ್ಣು ನೋಡುವ ಶಾಸ್ತ್ರದಲ್ಲಿ ಹೆಣ್ಣಿಗೆ ಕಾಣುವುದು ಗಂಡಿನ ಹೆಬ್ಬೆರಳು ಮಾತ್ರ. ನಾನು ಆರಾಮಾಗಿ ನೋಡಿದೆ. ಮಾವ ಅನ್ನುವವರು ದೊಡ್ಡ ಹೊಟ್ಟೆಯ, ಸಣ್ಣ ಕಣ್ಣಿನ ಮನುಷ್ಯ. ತಂದೆ, ಯಾರು ಏನು ಹೇಳಿದರೂ ಮಾವನ ಕಡೆ ನೋಡುವವರು. ಹುಡುಗ ಅವರಿಬ್ಬರ ಹಿಂದೆ ಕತ್ತಲಲ್ಲಿದ್ದ. ಅವನ ಟೊಪ್ಪಿಗೆ ಮಾತ್ರ ಕಂಡಿತು.

ಅಪ್ಪ ಆವತ್ತು ಅಮೋಘವಾಗಿ ಮಾತಾಡಿದ. ಶಿವ ಎಷ್ಟು ಹೊತ್ತು ತಪಸ್ಸು ಮಾಡಿದ ಎಂದು ಹೇಳಿದ. ನಾನು ಬೆಳಕನ್ನು ಅಲ್ಲಿಗೆ ಕಳಿಸಿದೆ. ಮಾವ ಹಿಂದೆ ಸರಿದು ನನ್ನ ಪರಾತದ ಪಕ್ಕದಲ್ಲೇ ನಿಂತು ಹುಡುಗನ ತಂದೆಗೆ ಪಿಸುಗುಟ್ಟಿದರು.

"ಹುಡಿಗಿ ಭಾಳ ಎತ್ತರಂತ. ದಮ್ಮೂ ಅದ ಅಂತಾರ, ನಿಲಂಗಾದಾಗ ಕೇಳೀನಿ."

ನಾನು ಉಸಿರು ಬಿಗಿಹಿಡಿದೆ. ಆ ಹೊತ್ತಿಗೆ ಒಂದು ಕೆಮ್ಮು ಬಂದಿದ್ದರೆ ನನ್ನ ಬಾಳು ಅಲ್ಲೇ ಮುಗಿಯುತ್ತಿತ್ತು.

"ಇನ್ನ ಇದು ಸುರಂಗ," ಅಂದ ಅಪ್ಪ. ನಾನು ಬೆಳಕನ್ನು ಮೂಲೆಗೆ ತಿರುಗಿಸಿದೆ. "ಇಲ್ಲಿ ಹೊಕ್ರ ನೆಟ್ಟಗ ನಿಮ್ಮ ಉದಗೀರ ಕೋಟ್ಯಾಗ ಏಳ್ತೀರಿ."

ಮಾವ ನಕ್ಕರು. "ಹಿಂಥಾವ ಭಾಳ ನೋಡೀನ್ರೀ. ನಮ್ಮ ಕಡೀನೂ ಒಂದ ಅದ, ಬೀದರಿಗಿ ಹೋಗ್ತದಂತ ಹೇಳ್ತಾರ. ಹೊಕ್ಕು ನೋಡಿದ್ರ ಗ್ವಾಡಿ. ಸುರಂಗದ ಮಾತು ಸುಳ್ಳಿದ್ರ, ಹುಡಿಗಿಗಿ ದಮ್ಮಿಲ್ಲ ಅಂತ ನೀವು ಹೇಳಿ ಕಳ್ಸಿದ ಮಾತೂ ಹಂಗೇ ಇರಬೇಕಲ್ರೀ."

ಅಪ್ಪನ ಬಾರುಕೋಲು ಅಲ್ಲೇ ನಿಂತಿತು. ಮಾತಿಗೆ ಎಂದೂ ತಡವರಿಸದ ಮನುಷ್ಯ ತಡವರಿಸಿದ್ದನ್ನು ನಾನು ಅಂದೇ ಮೊದಲು ಕೇಳಿದ್ದು. "ಹಂಗಲ್ರೀ... ಒಳಗ ಹಾವು ಚೇಳು ಇರ್ತಾವ, ಅದಕ್ಕ ಯಾರೂ..."

ಮಾವ ಹುಡುಗನ ಕಡೆ ತಿರುಗಿದರು. "ನೀ ತೆಳ್ಳಗಿದ್ದಿ. ಹೊಕ್ಕು ನೋಡಿ ಬಾ. ಎಲ್ಲೀತನಕಾ ಹೋಗ್ತದ ಹೇಳು. ಅಲ್ಲಿಗೇ ಈ ಮನಿ ಮಾತು ಎಷ್ಟು ಖರೆ ಗೊತ್ತಾಗ್ತದ."

ಹುಡುಗ ಟೊಪ್ಪಿಗೆ ತೆಗೆದು ತಂದೆಯ ಕೈಗೆ ಕೊಟ್ಟ. ಕೊರಳಲ್ಲಿದ್ದ ಲಿಂಗದ ಕರಡಿಗೆ ನೆಲಕ್ಕೆ ತಾಗಬಾರದೆಂದು ಹೆಗಲಿನ ವಸ್ತ್ರದಿಂದ ಎದೆಗೆ ಬಿಗಿಯಾಗಿ ಕಟ್ಟಿಕೊಂಡ. ಬೆಳ್ಳಗಿನ ಅಂಗಿಯಲ್ಲೇ ಮೊಣಕಾಲೂರಿ ಕಿಂಡಿಯೊಳಗೆ ತೂರಿದ. ಅಂಗಾಲುಗಳೂ ಒಳಗೆ ಹೋದವು.

ಅಪ್ಪ ನೆಲ ನೋಡುತ್ತಿದ್ದ. ನನಗೆ ಅವನ ಮೇಲೆ ಬಂದಿದ್ದ ಸಿಟ್ಟೆಲ್ಲ ಇಳಿದುಹೋಯಿತು. ಎಷ್ಟೋ ಜನರೆದುರು ಎದೆಯುಬ್ಬಿಸಿ ನಿಂತ ಮನುಷ್ಯ, ಇನ್ನೊಂದು ಗಳಿಗೆಗೆ ಒಬ್ಬ ಅಂಗಡಿ ಹುಡುಗ ಹೊರಬಂದು "ಗ್ವಾಡಿ ಅದ" ಅಂದರೆ ಮುಗಿಯಿತು. ಅಪ್ಪನ ಮಾನ ಹೋಯಿತು, ಅದರ ಬೆನ್ನಿಗೆ ನಾನು ಗುಂಜೋಟಿಗೆ ಹೋದೆ. ಹುಡುಗನ ಹಣೆ ಈಗ ಆ ಕಲ್ಲಿಗೆ ತಾಗಿರುತ್ತದೆ ಎಂದು ನನಗೆ ಗೊತ್ತು.

ಹುಡುಗ ಹೊರಗೆ ಬರಲಿಲ್ಲ. ಮಾವನಿಗೆ ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು, ಮುಲುಗುತ್ತ, ಕಿಂಡಿಯೊಳಗೆ ಇಣುಕಲು ಬಗ್ಗಿದರು. ಬೆಳಕು ನೇರ ಅಲ್ಲಿಗೇ ಬಿದ್ದಿತ್ತು. ಇನ್ನೊಂದು ಗೇಣು ಬಗ್ಗಿದ್ದರೆ ಹುಡುಗನ ಅಂಗಾಲೂ, ಅವನಾಚೆಯ ಗೋಡೆಯೂ ಅವರಿಗೆ ಕಾಣುತ್ತಿದ್ದವು. ನಾನು ಪರಾತವನ್ನು ಮೇಲಕ್ಕೆ ತಿರುಗಿಸಿಬಿಟ್ಟೆ.

ಮೇಲೆ ಬಾವಲಿಗಳಿದ್ದವು. ಅವುಗಳ ಕಣ್ಣಿಗೆ ಎಂದೂ ಬಿಸಿಲು ಬಿದ್ದಿರಲಿಲ್ಲ. ಇಡೀ ಹಿಂಡು ಒಂದೇ ಸಲ ಎದ್ದಿತು. ಮಾವ "ಶಿವಶಿವಾ" ಎಂದು ಪಟಕಾ ಎರಡೂ ಕೈಯಲ್ಲಿ ಹಿಡಿದು, ಶಿವನನ್ನೂ ದ್ವಾರಪಾಲಕನನ್ನೂ ದಾಟಿ ಪಡಸಾಲೆಯ ಕಂಬಕ್ಕೆ ಬಂದು ಅಪ್ಪಿಕೊಂಡರು. ಆ ಮೈ ಅಷ್ಟು ಬೇಗ ಓಡಬಲ್ಲದೆಂದು ನಾನು ನಂಬುತ್ತಿರಲಿಲ್ಲ.

ಆಗ ಹುಡುಗ ಹೊರಬಂದ. ನಾನು ಬೆಳಕನ್ನು ತಂದು ಅವನ ಮುಖದ ಮೇಲೆ ಇಟ್ಟೆ. ಬೇಕೆಂದೇ ಇಟ್ಟೆ. ಚೆಲುವನೇನೂ ಅಲ್ಲ. ಕಿವಿ ದೊಡ್ಡವು. ತಲೆ, ಮೂಗು, ಮೀಸೆ ಎಲ್ಲ ಕೆಂಪು ಮಣ್ಣು, ಹಣೆಯ ನಡುವೆ ಕಲ್ಲು ತರಚಿದ ಗುರುತು. ಆ ಗುರುತು ಎಲ್ಲಿಂದ ಬಂತು ಎಂದು ನನಗೂ ಅಪ್ಪನಿಗೂ ಗೊತ್ತಿತ್ತು.

"ಏನಾತೋ?" ಎಂದು ಮಾವ ಕಂಬದ ಹತ್ತಿರದಿಂದಲೇ ಕೂಗಿದರು.

ಹುಡುಗ ಅಂಗಿ ಝಾಡಿಸಿಕೊಂಡ. ಅಪ್ಪನ ಕಡೆ ನೋಡಲಿಲ್ಲ. ಕಣ್ಣು ಕುಕ್ಕುವ ಬೆಳಕಿನಲ್ಲಿ, ರೆಪ್ಪೆ ಬಡಿಯುತ್ತ, ಸಾವಕಾಶವಾಗಿ ಹೇಳಿದ: "ಭಾಳ ದೂರ ಹೋಗ್ತದ ಮಾಮಾ. ಕೊನೀ ಕಾಣಲಿಲ್ಲ. ಒಳಗಿಂದ ತಣ್ಣಂದು ಗಾಳಿ ಬರ್ತದ."

ಪರಾತ ನನ್ನ ಕೈಯಲ್ಲಿ ನಡುಗಿತು. ಅಂದು ದೇವರು ನನ್ನ ಕೈಯಲ್ಲೂ ಕುಣಿದವು.

ಅಪ್ಪ ಮುಖ ಎತ್ತಿದ. ಆ ಸುರಂಗ ದೂರ ಹೋಗುತ್ತದೆ ಎಂದು ಅವನು ಜಗತ್ತಿಗೆಲ್ಲ ಹೇಳಿದ್ದ. ಇನ್ನೊಬ್ಬರು ಅದನ್ನು ಅವನಿಗೆ ಹೇಳಿದ್ದು ಅದೇ ಮೊದಲು. ಕೇಳಿ ಅವನಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ತನ್ನ ಪಟಕಾ ಬಿಚ್ಚಿ ಹುಡುಗನ ತಲೆಯ ಮಣ್ಣು ಒರೆಸಲು ಹೋದ. ಹುಡುಗ ಸಂಕೋಚದಿಂದ ಹಿಂದೆ ಸರಿದು ದ್ವಾರಪಾಲಕನಿಗೆ ತಲೆ ಬಡಿಸಿಕೊಂಡ.

ಈ ಸಲ ನಾನು ಓಡಲಿಲ್ಲ. ಪರಾತ ಹೊತ್ತು ಹಿಂದಿನ ಹೊಲದಿಂದ ನೆಟ್ಟಗೆ ನಡೆದು ಬಂದೆ. ಅವ್ವ ಪರಾತ ಕಸಿದುಕೊಂಡು ಹಿಟ್ಟು ಸುರಿದಳು. ನಾನು ಮುಖ ತೊಳೆದು ಸೀರೆ ಉಟ್ಟೆ. ಬಂದವರಿಗೆ ಅಷ್ಟರಲ್ಲಿ ಮಜ್ಜಿಗೆ ಕೊಟ್ಟರು. ಎಲ್ಲ ಸುಸೂತ್ರವಾಗಿ ಆಗುತ್ತಿತ್ತು, ಆಯಿಗೆ ಮಾತು ಬಾರದೆ ಇದ್ದಿದ್ದರೆ. ಹುಡುಗನ ಅಂಗಿ ನೋಡಿ ಆಯಿಗೆ ಕರುಳು ಚುರುಕ್ ಅಂದಿತು.

"ಅಯ್ಯ ನನಪ್ಪಾ, ಆ ಕಿಂಡ್ಯಾಗ ಯಾಕ ಹೊಕ್ಕಿದ್ದೀ? ಗದ್ದಲದ ವರ್ಷ ನಮ್ಮ ಹುಡಿಗಿನ್ನ ಅದರಾಗೇ ಮುಚ್ಚಿಟ್ಟಿದ್ದೆ. ಹೊರಗ ಬಂದಾಗ ಹಿಂಗೇ ಕೆಂಪಗಾಗಿರತಿದ್ಲು."

ಮಾವನ ಸಣ್ಣ ಕಣ್ಣು ಇನ್ನೂ ಸಣ್ಣವಾದವು. ಅಪ್ಪ ಕೆಮ್ಮಿದ. ಆಯಿಗೆ ತಾನು ಏನು ಆಡಿದೆ ಎಂದು ತಿಳಿದು, ಕಿವಿ ಕೇಳದವಳಂತೆ ಗೋಡೆ ನೋಡುತ್ತ ಕೂತಳು.

ನನ್ನನ್ನು ಕರೆದರು. ನಾನು ಬಂದು ಚಾಪೆಯ ಮೇಲೆ ತಲೆ ತಗ್ಗಿಸಿ ಕೂತೆ. ಅಡುಗೆ ಏನು ಬರುತ್ತದೆ, ಓದಲು ಬರುತ್ತದೆಯೇ, ಹಾಡು ಬರುತ್ತದೆಯೇ ಎಂದು ಸಾಮಾನ್ಯವಾಗಿ ಕೇಳುತ್ತಾರೆ. ಮಾವ ಅದು ಯಾವುದನ್ನೂ ಕೇಳಲಿಲ್ಲ.

"ನಿಮ್ಮ ಆಯಿ ಹೇಳಿದ್ರು, ನೀ ಆ ಸುರಂಗದಾಗ ಇದ್ದಿ ಅಂತ. ಅಂದಮ್ಯಾಲ ನಿನಗ ಗೊತ್ತಿರತದ. ಖರೆ ಹೇಳವ್ವಾ, ಅದು ಎಲ್ಲೀತನಕಾ ಹೋಗ್ತದ?"

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಗೋಡೆ ಇದೆ ಅಂದರೆ ಅಪ್ಪ ಸುಳ್ಳ, ಆ ಹುಡುಗನೂ ಸುಳ್ಳ. ಉದಗೀರಿನವರೆಗೆ ಹೋಗುತ್ತದೆ ಅಂದರೆ, ಇವಳೂ ಅಪ್ಪನಂತೆಯೇ ಎಂದು ಮಾವ ಎದ್ದು ಹೋಗುತ್ತಾರೆ. ನನಗೆ ಕಾಣುತ್ತಿದ್ದದ್ದು ಹುಡುಗನ ಹೆಬ್ಬೆರಳು ಮಾತ್ರ. ಅದು ಚಾಪೆಯ ಅಂಚನ್ನು ಗಟ್ಟಿಯಾಗಿ ಒತ್ತಿ ಹಿಡಿದಿತ್ತು. ಪಾಪ, ಆ ಮನುಷ್ಯ ನಮಗ್ಯಾರೂ ಅಲ್ಲ. ಯಾರದೋ ಮನೆಯ ಮಾನಕ್ಕಾಗಿ ಅಂಗಿ ಕೆಡಿಸಿಕೊಂಡು, ತನ್ನ ಮಾವನಿಗೇ ಸುಳ್ಳು ಹೇಳಿ ಕೂತಿದ್ದ. ನನಗೆ ಅವನು ಬೇಕು ಅನಿಸಿತು. ಇಷ್ಟು ಸ್ಪಷ್ಟವಾಗಿ ನನಗೆ ಅದುವರೆಗೆ ಏನೂ ಬೇಕು ಅನಿಸಿರಲಿಲ್ಲ.

ನಾನು ತಲೆ ಎತ್ತಿದೆ. ಮಾವನಿಗೇ ಹೇಳಿದೆ, ಉಸಿರು ಎಲ್ಲಿಯೂ ತಪ್ಪದಂತೆ.

"ನಾ ಹೋದಾಗ ಕತ್ತಲಿತ್ರೀ. ಬೆಳಕಿನ್ಯಾಗ ಹೋಗಿ ನೋಡಿ ಬಂದವರು ನಿಮ್ಮ ಬಾಜೂಕೇ ಕುಂತಾರ. ಅವರು ಎಲ್ಲೀತನಕಾ ಅಂತಾರೋ, ಅಲ್ಲೀತನಕಾ."

ಹುಡುಗನಿಗೆ ಮಜ್ಜಿಗೆ ನೆತ್ತಿಗೇರಿತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ತಂದುಕೊಂಡು ನನ್ನನ್ನು ನೋಡಿದ. ಆ ನೋಟದಲ್ಲಿ ಮೊದಲು ಗಾಬರಿ ಇತ್ತು. ಆಮೇಲೆ ಅವನ ಕಣ್ಣು ನನ್ನ ಕಾಲಿನ ಕೆಂಪು ಮಣ್ಣಿಗೆ ಹೋಯಿತು. ತೊಳೆಯುವ ಅವಸರದಲ್ಲಿ ಕಾಲು ಮರೆತಿದ್ದೆ. ಪರಾತದ ಕೆಳಗೆ ನಿಂತಿದ್ದ ಕಾಲುಗಳು ಯಾರವೆಂದು ಅವನಿಗೆ ತಿಳಿಯಿತು. ದೊಡ್ಡ ಕಿವಿಗಳೆರಡೂ ಕೆಂಪಾದವು.

ಮಾವ ತೊಡೆ ತಟ್ಟಿ ನಕ್ಕರು. "ನೋಡ್ರಿ, ಇನ್ನಾ ಮದವಿ ಆಗಿಲ್ಲ, ಈಗೇ ಗಂಡನ ಮಾತು ಮೀರಂಗಿಲ್ಲ ಅಂತಾಳ! ಹಿಂಥಾ ಹುಡಿಗಿ ಎಲ್ಲಿ ಸಿಗ್ತಾಳ್ರೀ ಈಗಿನ ಕಾಲದಾಗ? ದಮ್ಮೂ ಇಲ್ಲ ಏನೂ ಇಲ್ಲ. ಸಕ್ಕರಿ ತರ್ರಿ."

ಅವರು ಬದುಕಿರುವವರೆಗೂ ನನ್ನ ವಿಧೇಯತೆಯನ್ನು ಇಡೀ ಉದಗೀರಿಗೆ ಸಾರಿದರು. ನಾನೂ ಇವರೂ ಅದನ್ನು ತಿದ್ದಲು ಹೋಗಲಿಲ್ಲ.

ಮಾತು ಗಟ್ಟಿಯಾದದ್ದಕ್ಕೆ ಸಕ್ಕರೆ ಹಂಚಿದ್ದಾಯಿತು, ಊಟವಾಯಿತು. ಅಪ್ಪ ಅವರನ್ನು ಬಸ್ಸಿಗೆ ಬಿಟ್ಟು ಬಂದು ಕಟ್ಟೆಯ ಮೇಲೆ ಕೂತ. ಪಟಕಾ ಇನ್ನೂ ಬಿಚ್ಚಿಯೇ ಇತ್ತು. ಅವ್ವ ಬಂದು ಕುಳ್ಳು ಯಾವಾಗ ಗವಿಗೆ ಹೋಗುತ್ತವೆ ಎಂದು ಕೇಳಿದಳು, ಅಪ್ಪ ದಿಬ್ಬದ ಕಡೆ ನೋಡಿದ. ನಾನು ನೀರು ಕೊಡಲು ಹೋದಾಗ ತಂಬಿಗೆ ಇಸಿದುಕೊಂಡು, ಕುಡಿಯದೆ, ನನ್ನ ಮುಖವನ್ನೇ ನೋಡಿದ.

"ತಂಗೀ, ಒಳಗಿಂದ ಗಾಳಿ ಬರ್ತದಂತ," ಅಂದ.

"ಹೌದಪ್ಪಾ," ಅಂದೆ. "ಬರ್ತದ."